ಯಂತ್ರದ ದಿನಚರಿ: ಹುದುಗಿದ ಗಣಕಗಳಲ್ಲಿ ದೋಷಶೋಧನೆ

ಗಣಕಯಂತ್ರವೆಂದೊಡನೆ ಮೇಜಿನ ಮೇಲಿನ ತೆರೆಯೂ ಕೀಲಿಮಣೆಯೂ ನಮ್ಮ ಕಣ್ಣಮುಂದೆ ಬರುವುದು ಸಹಜ. ಆದರೆ ಇಂದು ಜಗತ್ತಿನಲ್ಲಿ ದುಡಿಯುತ್ತಿರುವ ಗಣಕಗಳ ಪೈಕಿ ಹೆಚ್ಚಿನವು ಕಣ್ಣಿಗೆ ಬೀಳುವಂಥವಲ್ಲ. ಹಲಸೂರಿನ ಮೆಟ್ರೊ ನಿಲ್ದಾಣದಲ್ಲಿ ಕಾರ್ಡನ್ನು ಮುಟ್ಟಿಸಿದೊಡನೆ ಸರಿದು ದಾರಿಬಿಡುವ ದ್ವಾರ, ಮನೆಗೆ ಅಂತರಜಾಲವನ್ನು ತಂದುಕೊಡುವ ವೈಫೈ ಪೆಟ್ಟಿಗೆ, ಆಸ್ಪತ್ರೆಯಲ್ಲಿ ರೋಗಿಯ ನಾಡಿಯನ್ನು ಎಣಿಸುವ ಮಾನಿಟರು, ಇವೆಲ್ಲದರ ಒಡಲಿನಲ್ಲಿಯೂ ಒಂದೊಂದು ಸಣ್ಣ ಗಣಕ ಅಡಗಿ ಕುಳಿತಿರುವುದು. ಇಂಥವನ್ನು ನಾವು ಇಲ್ಲಿ ಹುದುಗಿದ ಗಣಕಗಳೆಂದು ಕರೆಯೋಣ. ಎಂಜಿನಿಯರುಗಳು ಎಂಬೆಡೆಡ್ ಎನ್ನುವುದು ಇವನ್ನೇ.

ಇಂಥ ಗಣಕಗಳಲ್ಲಿ ಬಹಳಷ್ಟನ್ನು ನಡೆಸುವುದು ಲಿನಕ್ಸ್. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೋರ್ವಾಲ್ಡ್ಸ್ ಆರಂಭಿಸಿದ ಈ ಕಾರ್ಯವ್ಯವಸ್ಥೆಯನ್ನು ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಬೆಂಗಳೂರಿಗೆ ಇದರ ಪರಿಚಯ ಇಂದು ನಿನ್ನೆಯದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ನಗರದ ಎನ್‌ಕೋರ್ ಸಂಸ್ಥೆಯವರೂ ಕೂಡಿ ಜನಸಾಮಾನ್ಯರಿಗಾಗಿ ರೂಪಿಸಿ 2001ರಲ್ಲಿ ತೋರಿಸಿದ ಸಿಂಪ್ಯೂಟರ್ ಎಂಬ ಅಂಗೈಯಗಲದ ಗಣಕ ಲಿನಕ್ಸಿನ ಮೇಲೆಯೇ ನಡೆಯುತ್ತಿದ್ದಿತು. ಅದರ ಒಂದು ಮಾದರಿಯನ್ನು 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ತಯಾರಿಸಿತು.

ಮೇಜಿನ ಮೇಲಿನ ಗಣಕ ಅರೆಕ್ಷಣ ತಡಮಾಡಿದರೆ ನಾವು ಸೈರಿಸಿಕೊಳ್ಳುತ್ತೇವೆ. ಹುದುಗಿದ ಗಣಕದ ಮಾತು ಬೇರೆ. ಅಲ್ಲಿ ಉತ್ತರ ಸರಿಯಾಗಿದ್ದರೆ ಸಾಲದು, ಸಕಾಲದಲ್ಲಿಯೂ ಬರಬೇಕು. ತಡವಾಗಿ ಬಂದ ಸರಿಯುತ್ತರ ಎಷ್ಟೋ ವೇಳೆ ತಪ್ಪುತ್ತರವೇ ಆಗುವುದು. ಹೀಗೆ ಅಪರೂಪಕ್ಕೊಮ್ಮೆ ತಡವಾಗುವ ಯಂತ್ರದ ರೋಗವನ್ನು ಪತ್ತೆಹಚ್ಚುವ ಬಗೆ ಯಾವುದು ಎಂಬುದೇ ಪ್ರಕೃತ ಲೇಖನದ ವಿಷಯ.

ಕೆರೆಯ ಬದಿಯ ಒಂದು ಅಳತೆ

ಒಂದು ಉದಾಹರಣೆಯನ್ನು ಕಲ್ಪಿಸಿಕೊಂಡು ಮುಂದುವರಿಯೋಣ. ಹಲಸೂರು ಕೆರೆಗೆ ನೀರು ತರುವ ರಾಜಕಾಲುವೆಯೊಂದರ ಮೇಲೆ ನೀರಿನ ಮಟ್ಟವನ್ನು ಅಳೆಯುವ ಪೆಟ್ಟಿಗೆಯೊಂದನ್ನು ತೂಗುಹಾಕಿದ್ದೇವೆಂದು ಭಾವಿಸೋಣ. 2022ರ ಸೆಪ್ಟೆಂಬರಿನ ಮಳೆಯಲ್ಲಿ ನಗರದ ಪೂರ್ವಭಾಗದ ಬಡಾವಣೆಗಳು ಜಲಾವೃತವಾದುದನ್ನು ಕಂಡವರಿಗೆ ಇಂಥ ಪೆಟ್ಟಿಗೆಯ ಪ್ರಯೋಜನವನ್ನು ಬಿಡಿಸಿ ಹೇಳಬೇಕಾಗಿಲ್ಲ. ನೀರು ಏರುತ್ತಿದೆಯೆಂದು ಒಂದು ಗಂಟೆ ಮೊದಲೇ ತಿಳಿದರೆ ತಗ್ಗಿನ ಮನೆಯವರು ಮಕ್ಕಳನ್ನೂ ವಯಸ್ಸಾದವರನ್ನೂ ಮೇಲಕ್ಕೆ ಸಾಗಿಸಿಕೊಳ್ಳಬಹುದು.

ಪೆಟ್ಟಿಗೆಯ ಕೆಲಸ ಸರಳವಾದುದು. ಅದು ನಿಮಿಷಕ್ಕೊಮ್ಮೆ ಕಿವಿಗೆ ಕೇಳಿಸದ ಶಬ್ದದ ಸ್ಪಂದವೊಂದನ್ನು ಕೆಳಕ್ಕೆ ಕಳುಹಿಸುವುದು. ಸ್ಪಂದವು ನೀರಿನ ಮೇಲ್ಮೈಗೆ ಬಡಿದು ಹಿಂದಿರುಗುವುದು. ಹೋಗಿ ಬರಲು ಹಿಡಿದ ಕಾಲವನ್ನು ಅಳೆದರೆ ನೀರು ಎಷ್ಟು ಕೆಳಗಿದೆಯೆಂಬುದು ತಿಳಿಯುತ್ತದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 346 ಮೀಟರು. ಪ್ರತಿಧ್ವನಿ 10 ಮಿಲಿಸೆಕೆಂಡುಗಳಲ್ಲಿ ಹಿಂದಿರುಗಿತೆನ್ನಿ. ಆಗ ಶಬ್ದವು 3.46 ಮೀಟರು ನಡೆದಿದೆ. ನೀರು ಇರುವುದು ಅದರ ಅರ್ಧದಷ್ಟು, ಅಂದರೆ 1.73 ಮೀಟರು ಕೆಳಗೆ.

ಈಗ ಪ್ರತಿಧ್ವನಿ ಬಂದುದನ್ನು ಗಣಕವು ಗುರುತಿಸಿಕೊಳ್ಳುವುದು 1 ಮಿಲಿಸೆಕೆಂಡಿನಷ್ಟು ತಡವಾದರೆ ಏನಾಗುವುದು? ಆ ಅವಧಿಯಲ್ಲಿ ಶಬ್ದ ಇನ್ನೂ 34.6 ಸೆಂಟಿಮೀಟರು ನಡೆದಂತೆ ಲೆಕ್ಕಕ್ಕೆ ಬೀಳುವುದು. ಅದರ ಅರ್ಧವಾದ 17.3 ಸೆಂಟಿಮೀಟರಿನಷ್ಟು ನೀರು ಕೆಳಗಿರುವಂತೆ ಯಂತ್ರ ಹೇಳುವುದು. ಗಾಳಿಯ ಉಷ್ಣತೆ 5 ಡಿಗ್ರಿ ಬದಲಾದರೂ ಈ ಅಳತೆಯಲ್ಲಿ ಆಗುವ ತಪ್ಪು ಒಂದೂವರೆ ಸೆಂಟಿಮೀಟರಿನ ಆಸುಪಾಸು. ಅದರ ಮುಂದೆ ಸೆಕೆಂಡಿನ ಸಾವಿರದಲ್ಲೊಂದು ಭಾಗದ ಸೋಮಾರಿತನ ಎಷ್ಟು ದುಬಾರಿ ಎಂಬುದನ್ನು ವಾಚಕರು ಗಮನಿಸಬೇಕು. ತಪ್ಪಿನ ದಿಕ್ಕೂ ಮುಖ್ಯವಾದುದು. ತಡವಾದ ಯಂತ್ರ ನೀರು ಇರುವುದಕ್ಕಿಂತ ಕೆಳಗಿದೆಯೆಂದೇ ಯಾವಾಗಲೂ ಹೇಳುವುದು. ಅಪಾಯವಿಲ್ಲದಾಗ ಕೂಗಿಕೊಳ್ಳುವ ಯಂತ್ರವಲ್ಲ ಇದು, ಅಪಾಯವಿರುವಾಗ ಸುಮ್ಮನಿರುವ ಯಂತ್ರ.

ಸರಾಸರಿಯ ಮೋಸ

ಪೆಟ್ಟಿಗೆಯ ಗಣಕಕ್ಕೆ ಮೂರು ಕೆಲಸಗಳಿವೆಯೆನ್ನೋಣ. ಒಂದು ಅಳತೆಯ ಕೆಲಸ. ಎರಡನೆಯದು ದೂರವಾಣಿ ಜಾಲದ ಮೂಲಕ ಸುದ್ದಿಯನ್ನು ಕಚೇರಿಗೆ ಮುಟ್ಟಿಸುವುದು. ಮೂರನೆಯದು ನಡೆದುದನ್ನೆಲ್ಲ ನೆನಪಿನ ಚಿಪ್ಪಿನಲ್ಲಿ ಬರೆದಿಡುವ ದಾಖಲೆಯ ಕೆಲಸ. ಪ್ರೊಸೆಸರು ಇರುವುದು ಒಂದೇ. ಅದರ ಕಾಲವನ್ನು ಈ ಮೂವರಿಗೂ ಹಂಚಿಕೊಡುವ ಮೇಸ್ತ್ರಿಯೇ ಕರ್ನೆಲ್, ಅಂದರೆ ಲಿನಕ್ಸಿನ ತಿರುಳು. ಅಳತೆಗೆ ಮೊದಲ ಮನ್ನಣೆ, ಸುದ್ದಿಗೆ ನಡುವಣ ಮನ್ನಣೆ, ದಾಖಲೆಗೆ ಕಡೆಯ ಮನ್ನಣೆ ಎಂದು ಮೇಸ್ತ್ರಿಗೆ ಮೊದಲೇ ತಿಳಿಸಿದ್ದೇವೆ. ಒಣದಿನಗಳಲ್ಲಿ ಸುದ್ದಿ ಹೋಗುವುದು ದಿನಕ್ಕೊಮ್ಮೆ, ಮಳೆ ಬಲವಾದಾಗ ಮೂರು ನಿಮಿಷಕ್ಕೊಮ್ಮೆ. ನೀರಿನ ಮೇಲೆ ತೇಲಿ ಬರುವ ಕಸಕಡ್ಡಿಯಿಂದ ಮೋಸಹೋಗಬಾರದೆಂದು ಇನ್ನೊಂದು ನಿಯಮವನ್ನೂ ಇಟ್ಟಿದ್ದೇವೆ. ನೀರು 1.80 ಮೀಟರಿಗಿಂತ ಹತ್ತಿರ ಬಂದಿದೆಯೆಂದು ಒಂದರ ಹಿಂದೊಂದರಂತೆ ಮೂರು ಅಳತೆಗಳು ಹೇಳಿದಾಗ ಮಾತ್ರ ಎಚ್ಚರಿಕೆಯ ಗಂಟೆ ಬಾರಿಸಬೇಕು.

ಒಂದು ಮಳೆಯ ದಿನ ನೀರು 1.73 ಮೀಟರಿನವರೆಗೆ ಏರಿ ಒಂದು ಗಂಟೆ ನಿಂತರೂ ಗಂಟೆ ಬಾರಿಸಲಿಲ್ಲ ಎಂದುಕೊಳ್ಳೋಣ. ಕಾರಣ ಹುಡುಕಲು ಹೊರಟವರು ಮೊದಲು ನೋಡುವುದು ಸರಾಸರಿಯನ್ನು. ದಿನಕ್ಕೆ 1,440 ಅಳತೆಗಳು. ಅವುಗಳಲ್ಲಿ ಮಳೆಯ ಗಂಟೆಯ 20 ಅಳತೆಗಳು ತಲಾ 34 ಸೆಂಟಿಮೀಟರು ತಪ್ಪಿವೆಯೆನ್ನಿ. ದಿನದ ಸರಾಸರಿ ತಪ್ಪು ಅರ್ಧ ಸೆಂಟಿಮೀಟರಿಗೂ ಕಡಮೆಯಾಗುವುದು. ವರದಿಯಲ್ಲಿ ಈ ಅಂಕಿಯನ್ನು ಕಂಡ ಯಾರಾದರೂ ಯಂತ್ರ ಉತ್ತಮ ಸ್ಥಿತಿಯಲ್ಲಿದೆಯೆಂದೇ ಬರೆಯುವರು.

ಆದರೆ ಆ ಇಪ್ಪತ್ತು ತಪ್ಪುಗಳು ದಿನದ ಉದ್ದಕ್ಕೂ ಚೆಲ್ಲಿಕೊಂಡಿಲ್ಲ, ಮಳೆಯ ಗಂಟೆಯೊಂದರಲ್ಲಿಯೇ ಸಾಲುಗಟ್ಟಿವೆ. ಸುದ್ದಿ ಹೋಗುವುದು ಮೂರು ನಿಮಿಷಕ್ಕೊಮ್ಮೆ. ಹಾಗೆ ಹೋದಾಗಲೆಲ್ಲ ಆ ನಿಮಿಷದ ಅಳತೆ ಕೆಡುತ್ತಿದೆ. ಮೂರಕ್ಕೊಂದು ತಪ್ಪಾದ ಮೇಲೆ ಮೂರು ಸರಿಯಳತೆಗಳು ಒಟ್ಟಿಗೆ ಸಿಗುವ ಸಂಭವವೇ ಇಲ್ಲ. ಯಂತ್ರಕ್ಕೆ ಅತಿ ಹೆಚ್ಚಿನ ಕೆಲಸ ಬೀಳುವುದೂ ಅದರ ಮಾತು ಅತಿ ಮುಖ್ಯವಾಗುವುದೂ ಒಂದೇ ಹೊತ್ತಿನಲ್ಲಿ. ಆದುದರಿಂದ ಒತ್ತಡದಿಂದ ಹುಟ್ಟುವ ದೋಷವನ್ನು ಸರಾಸರಿಯಿಂದ ಅಳೆಯಲಾಗದು. ಎಷ್ಟು ಸಲ ಎಂಬ ಪ್ರಶ್ನೆಗೆ ಸರಾಸರಿ ಉತ್ತರ ಕೊಟ್ಟೀತು. ಯಾವಾಗ, ಯಾವುದರ ಹಿಂದೆ ಯಾವುದು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ಬೇಕಾದುದು ಯಂತ್ರದ ದಿನಚರಿ.

ಅಳೆಯುವ ಉಪಕರಣವೇ ಅಡ್ಡಿಯಾದಾಗ

ದಿನಚರಿ ಬರೆಯುವುದೇನು ಮಹಾ ಕಷ್ಟ, ಅಲ್ಲಲ್ಲಿ ಒಂದೊಂದು ಸಾಲನ್ನು ಅಚ್ಚುಮಾಡುವಂತೆ ಪ್ರೋಗ್ರಾಮಿಗೆ ಹೇಳಿದರಾಯಿತಲ್ಲ, ಎಂದು ವಾಚಕರು ಕೇಳಬಹುದು. ಎಷ್ಟೋ ಸಣ್ಣ ಗಣಕಗಳಲ್ಲಿ ಹೀಗೆ ಅಚ್ಚಾದ ಸಾಲು ಹೊರಬರುವುದು ಸೀರಿಯಲ್ ತಂತಿಯೊಂದರ ಮೂಲಕ. ಅದರ ಸಾಮಾನ್ಯ ವೇಗ ಸೆಕೆಂಡಿಗೆ 1,15,200 ಬಿಟ್ಟುಗಳು. ಒಂದು ಅಕ್ಷರಕ್ಕೆ 10 ಬಿಟ್ಟುಗಳಂತೆ ಸೆಕೆಂಡಿಗೆ 11,520 ಅಕ್ಷರಗಳು. 80 ಅಕ್ಷರಗಳ ಒಂದು ಸಾಲು ಹೊರಬರಲು ಸುಮಾರು 7 ಮಿಲಿಸೆಕೆಂಡು ಬೇಕು. ನಾವು ಹುಡುಕುತ್ತಿರುವುದು ಒಂದೆರಡು ಮಿಲಿಸೆಕೆಂಡುಗಳ ಕಳ್ಳನನ್ನು. ಅವನನ್ನು ಹಿಡಿಯಲು ಕಳುಹಿಸಿದ ಕಾವಲುಗಾರನೇ ಏಳು ಮಿಲಿಸೆಕೆಂಡು ಕದಿಯುತ್ತಿದ್ದಾನೆ.

ಭೌತವಿಜ್ಞಾನದ ವಿದ್ಯಾರ್ಥಿಗೆ ಇದು ಹೊಸ ಅನುಭವವಲ್ಲ. ತಲಾ 10 ಕಿಲೋ ಓಮ್ ರೋಧವುಳ್ಳ ಎರಡು ರೋಧಕಗಳನ್ನು ಸಾಲಾಗಿ ಜೋಡಿಸಿ 10 ವೋಲ್ಟಿನ ಬ್ಯಾಟರಿಗೆ ಸೇರಿಸಿದರೆ ಒಂದೊಂದರ ಮೇಲೂ 5 ವೋಲ್ಟು ಇರುವುದು. ಒಂದರ ಮೇಲಿನ ವೋಲ್ಟನ್ನು ಅಳೆಯಲು 10 ಕಿಲೋ ಓಮ್ ರೋಧದ ಮೀಟರನ್ನು ಹಚ್ಚಿದರೆ ಮುಳ್ಳು ತೋರಿಸುವುದು 3.33 ವೋಲ್ಟು. ಮೀಟರು ಸುಳ್ಳು ಹೇಳುತ್ತಿಲ್ಲ. ತಾನೂ ವಿದ್ಯುತ್ತನ್ನು ಕುಡಿದು, ಕುಡಿದ ನಂತರದ ಸ್ಥಿತಿಯನ್ನು ನಿಜವಾಗಿಯೇ ತೋರಿಸುತ್ತಿದೆ. 10 ಮೆಗಾ ಓಮಿನ ಮೀಟರನ್ನು ಹಚ್ಚಿದರೆ 4.998 ವೋಲ್ಟು ಕಾಣುವುದು. ಅಳೆಯುವ ಉಪಕರಣ ಅಳೆಯಲ್ಪಡುವ ವಸ್ತುವಿನಿಂದ ಆದಷ್ಟು ಕಡಮೆ ತೆಗೆದುಕೊಳ್ಳಬೇಕೆಂಬುದು ಇದರ ನೀತಿ.

ಪ್ರೋಗ್ರಾಮುಗಳ ಲೋಕದಲ್ಲಿ ಉಪಕರಣ ಕುಡಿಯುವುದು ಕಾಲವನ್ನು. ಅಚ್ಚಿನ ಸಾಲನ್ನು ಸೇರಿಸಿದೊಡನೆ ದೋಷ ಮಾಯವಾಗಿ, ತೆಗೆದೊಡನೆ ಮರಳಿ ಬಂದ ಅನುಭವ ಈ ವೃತ್ತಿಯಲ್ಲಿರುವ ಅನೇಕರಿಗೆ ಉಂಟು. ದೋಷ ಅಡಗಿರುವುದು ಘಟನೆಗಳ ಕ್ರಮದಲ್ಲಿ. ಕ್ರಮವನ್ನು ಕದಲಿಸಿದ ಮೇಲೆ ದೋಷ ಮೊದಲಿನ ಜಾಗದಲ್ಲಿ ಇರಬೇಕೆಂದೇನೂ ಇಲ್ಲ. ಸ್ಟ್ರೇಸ್ ಎಂಬ ಹಳೆಯ, ಉಪಯುಕ್ತವಾದ ಸಲಕರಣೆಯೂ ಈ ತೊಡಕಿನಿಂದ ಪಾರಾಗಿಲ್ಲ. ಪ್ರೋಗ್ರಾಮೊಂದು ಕರ್ನೆಲಿಗೆ ಮಾಡುವ ಪ್ರತಿಯೊಂದು ವಿನಂತಿಯನ್ನೂ ಅದು ಬರೆದುಕೊಡುವುದು ನಿಜ. ಆದರೆ ಒಂದೊಂದು ವಿನಂತಿಗೂ ಎರಡೆರಡು ಸಲ ಪ್ರೋಗ್ರಾಮನ್ನು ತಡೆದು ನಿಲ್ಲಿಸುವುದರಿಂದ ವೇಗ ಬಹಳವಾಗಿ ಕುಗ್ಗುವುದು.

ಜಾಡುಪುಸ್ತಕದ ರಚನೆ

ಹಾಗಾದರೆ ಕಾಲವನ್ನು ಕುಡಿಯದೆ ಬರೆಯುವುದು ಹೇಗೆ? ಮೂರು ಉಪಾಯಗಳನ್ನು ಕೂಡಿಸಿ ಇದನ್ನು ಸಾಧಿಸಿದ್ದಾರೆ.

ಮೊದಲನೆಯದು, ನಡೆದುದನ್ನು ಆಗಲೇ ಹೊರಗೆ ಕಳುಹಿಸದೆ ನೆನಪಿನಲ್ಲಿ ಮಾತ್ರ ಗುರುತುಹಾಕಿಕೊಳ್ಳುವುದು. ಒಂದು ಗುರುತು ಎಂದರೆ ಘಟನೆಯ ಹೆಸರಿಗೆ ಬದಲಾಗಿ ಒಂದು ಸಂಖ್ಯೆ, ಅದು ನಡೆದ ಕಾಲ, ಮತ್ತೆ ಒಂದೆರಡು ವಿವರ. ಇವನ್ನು ವಾಕ್ಯವಾಗಿ ಬಿಡಿಸಿ ಓದುವ ಕೆಲಸ ಆಮೇಲೆ, ಬಿಡುವಾಗಿ ಆಗಬಹುದು.

ಎರಡನೆಯದು, ಗುರುತುಹಾಕುವ ಪುಸ್ತಕವನ್ನು ಉಂಗುರದಂತೆ ಜೋಡಿಸುವುದು. ಕಡೆಯ ಹಾಳೆ ತುಂಬಿದೊಡನೆ ಮೊದಲ ಹಾಳೆಯನ್ನು ಅಳಿಸಿ ಅಲ್ಲಿಂದ ಮತ್ತೆ ಬರೆಯತೊಡಗುವರು. ಪುಸ್ತಕ ಎಂದೂ ಮುಗಿಯುವುದಿಲ್ಲ. ಅದರಲ್ಲಿ ಯಾವಾಗಲೂ ಇರುವುದು ಇತ್ತೀಚಿನ ಕೆಲವು ಕ್ಷಣಗಳ ಕಥೆ. ಪ್ರೊಸೆಸರುಗಳು ಒಂದಕ್ಕಿಂತ ಹೆಚ್ಚಾಗಿದ್ದರೆ ಒಂದೊಂದಕ್ಕೂ ಬೇರೆ ಬೇರೆ ಪುಸ್ತಕ, ಹೀಗಾಗಿ ಒಬ್ಬರು ಬರೆಯುವಾಗ ಇನ್ನೊಬ್ಬರು ಕಾಯಬೇಕಾಗಿಲ್ಲ.

ಮೂರನೆಯದು, ಬರೆಯಬೇಕಿಲ್ಲದಾಗ ಒಂದಿಷ್ಟೂ ಹೊರೆಯಾಗದಂತೆ ನೋಡಿಕೊಳ್ಳುವುದು. 2008ರ ಅಕ್ಟೋಬರಿನಲ್ಲಿ ಹೊರಬಂದ ಲಿನಕ್ಸಿನ 2.6.27ನೆಯ ಆವೃತ್ತಿಯಲ್ಲಿ ಸ್ಟೀವನ್ ರೋಸ್ಟೆಡ್ ಅವರು ಎಫ್‌ಟ್ರೇಸ್ ಎಂಬ ಜಾಡುಸಲಕರಣೆಯನ್ನು ಸೇರಿಸಿದರು. ಕರ್ನೆಲಿನ ಪ್ರತಿಯೊಂದು ಉಪಕಾರ್ಯದ ಬಾಗಿಲಿನಲ್ಲಿಯೂ ಒಂದು ಸಣ್ಣ ಜಾಗವನ್ನು ಮೊದಲೇ ಬಿಟ್ಟಿರುತ್ತಾರೆ. ಸಾಮಾನ್ಯ ಕಾಲದಲ್ಲಿ ಅಲ್ಲಿರುವುದು ಏನನ್ನೂ ಮಾಡದ ಒಂದು ಖಾಲಿ ಆದೇಶ, ಪ್ರೊಸೆಸರು ಅದನ್ನು ದಾಟಿ ಹೋಗುವುದು. ಜಾಡು ಬೇಕೆಂದಾಗ ಯಂತ್ರ ನಡೆಯುತ್ತಿರುವಂತೆಯೇ ಆ ಖಾಲಿ ಆದೇಶವನ್ನು ತೆಗೆದು 'ಗುರುತುಹಾಕು' ಎಂಬ ಆದೇಶವನ್ನು ಕೂರಿಸುವರು, ಬೇಡವೆಂದಾಗ ಮೊದಲಿನಂತೆ ಖಾಲಿ ಮಾಡುವರು. ಇದನ್ನು ನಡೆಸಲು ಬೇರೆ ಪ್ರೋಗ್ರಾಮೇ ಬೇಕಾಗಿಲ್ಲ. ಕೆಲವು ಕಡತಗಳಿಗೆ ಒಂದು ಅಥವಾ ಸೊನ್ನೆಯನ್ನು ಬರೆದರೆ ಸಾಕು. ಜಾಗ ಕಡಮೆಯಿರುವ ಸಣ್ಣ ಗಣಕಗಳಿಗೆ ಇದು ಹೇಳಿಮಾಡಿಸಿದಂತಿದೆ. ಇದಕ್ಕೂ ಮೊದಲೇ, 1999ರಲ್ಲಿ ಕರೀಂ ಯಾಗ್ಮೂರ್ ಅವರು ಲಿನಕ್ಸಿಗೆಂದು ಜಾಡುಸಲಕರಣೆಯೊಂದನ್ನು ಸಿದ್ಧಪಡಿಸಿದ್ದರು. 2005ರಲ್ಲಿ ಮಾಂಟ್ರಿಯಲ್ಲಿನ ಮಾಥ್ಯೂ ದೆನ್ವಾಯೆ ಅವರು ಅದರ ಹೊಸ ಪೀಳಿಗೆಯಾದ ಎಲ್‌ಟಿಟಿಎನ್‌ಜಿಯನ್ನು ಹೊರತಂದರು.

ಬೆಂಗಳೂರಿನ ಪಾಲು

ಖಾಲಿ ಜಾಗ ಬಿಟ್ಟಿರುವುದು ಉಪಕಾರ್ಯಗಳ ಬಾಗಿಲಿನಲ್ಲಿ. ಒಳಗಿನ ನಡುಮನೆಯಲ್ಲಿ ಏನಾಗುತ್ತಿದೆಯೆಂದು ನೋಡಬೇಕಾದರೆ ಏನು ಮಾಡಬೇಕು? ಈ ಪ್ರಶ್ನೆಗೆ ಲಿನಕ್ಸಿನಲ್ಲಿ ದೊರೆತ ಉತ್ತರದ ಬಹುಭಾಗ ಸಿದ್ಧವಾದುದು ನಮ್ಮ ಬೆಂಗಳೂರಿನಲ್ಲಿ. ಇಲ್ಲಿನ ಐಬಿಎಂ ಸಾಫ್ಟ್‌ವೇರ್ ಪ್ರಯೋಗಾಲಯದ ಲಿನಕ್ಸ್ ತಂತ್ರಜ್ಞಾನ ಕೇಂದ್ರದಲ್ಲಿದ್ದ ವಂಶಿಕೃಷ್ಣ ಅವರು 2002ರ ಅಕ್ಟೋಬರಿನಲ್ಲಿ ಕೆಪ್ರೋಬ್ಸ್ ಎಂಬುದರ ಮೊದಲ ರೂಪವನ್ನು ಬರೆದರು. 2004ರಲ್ಲಿ ಸುಪರ್ಣ ಭಟ್ಟಾಚಾರ್ಯ ಅವರೂ ಪ್ರಸನ್ನ ಪಂಚಮುಖಿ ಅವರೂ ಅದನ್ನು ಬೆಳೆಸಿದರು. ಅದೇ ವರ್ಷದ ಅಕ್ಟೋಬರಿನಲ್ಲಿ 2.6.9ನೆಯ ಆವೃತ್ತಿಯೊಂದಿಗೆ ಅದು ಅಧಿಕೃತ ಲಿನಕ್ಸಿನ ಅಂಗವಾಯಿತು. ಮುಂದೆ ಅದರ ಪಾಲನೆಯ ಹೊಣೆಯನ್ನು ಹೊತ್ತವರಲ್ಲಿ ಅನಂತ ಮಾವಿನಕಾಯನಹಳ್ಳಿ ಅವರೂ ಒಬ್ಬರು. ಕರ್ನೆಲಿನ ಆಕರಕಡತದ ಮೇಲ್ಭಾಗದಲ್ಲಿ ಮೊದಲ ಮೂವರ ಹೆಸರುಗಳನ್ನೂ ಅವರು ಮಾಡಿದ ಕೆಲಸದ ತಿಂಗಳು ವರ್ಷಗಳನ್ನೂ ಯಾರು ಬೇಕಾದರೂ ಓದಬಹುದು.

ಕೆಪ್ರೋಬ್ಸ್ ಕೆಲಸಮಾಡುವ ರೀತಿ ಬಹು ಚತುರವಾದುದು. ನಮಗೆ ಯಾವ ಆದೇಶದ ಬಳಿ ನಿಂತು ನೋಡಬೇಕಾಗಿದೆಯೋ ಆ ಆದೇಶದ ನಕಲೊಂದನ್ನು ಬೇರೆ ಕಡೆ ಇಟ್ಟುಕೊಂಡು, ಅದರ ಜಾಗದಲ್ಲಿ 'ನಿಲ್ಲು' ಎಂಬ ವಿಶೇಷ ಆದೇಶವನ್ನು ಕೂರಿಸುವರು. ಪ್ರೊಸೆಸರು ಅಲ್ಲಿಗೆ ಬಂದು ನಿಂತೊಡನೆ ನಮ್ಮ ಗುರುತುಹಾಕುವ ಕೆಲಸ ನಡೆಯುವುದು. ಆಮೇಲೆ ತೆಗೆದಿಟ್ಟ ಮೂಲ ಆದೇಶದ ನಕಲನ್ನು ನಡೆಸಿ, ಏನೂ ಆಗದವರಂತೆ ಪ್ರೊಸೆಸರನ್ನು ಮುಂದಕ್ಕೆ ಕಳುಹಿಸುವರು. ಯಂತ್ರವನ್ನು ನಿಲ್ಲಿಸಬೇಕಾಗಿಲ್ಲ, ಹೊಸದಾಗಿ ಕರ್ನೆಲನ್ನು ಕಟ್ಟಬೇಕಾಗಿಯೂ ಇಲ್ಲ. 2005ರ ಸಾಧಾರಣ ಪ್ರೊಸೆಸರುಗಳಲ್ಲಿ ಇಂಥ ಒಂದು ತನಿಖೆಗೆ ಹಿಡಿಯುತ್ತಿದ್ದ ಕಾಲ ಅರ್ಧದಿಂದ ಒಂದು ಮೈಕ್ರೊಸೆಕೆಂಡು. ಸೀರಿಯಲ್ ತಂತಿಯ ಒಂದು ಸಾಲಿನ ಕಾಲದಲ್ಲಿ ಇಂಥ ಏಳು ಸಾವಿರ ತನಿಖೆಗಳು ಮುಗಿಯುವುವು.

ಜಾಡನ್ನು ಓದುವುದು

ಈಗ ನಮ್ಮ ಪೆಟ್ಟಿಗೆಗೆ ಹಿಂದಿರುಗೋಣ. ಮಳೆಯ ದಿನದ ಒತ್ತಡವನ್ನು ಮೇಜಿನ ಮೇಲೆ ಕೃತಕವಾಗಿ ಉಂಟುಮಾಡಿ ಜಾಡನ್ನು ಬರೆಸಿದ್ದೇವೆ. ಪುಸ್ತಕದಲ್ಲಿ ಸಾವಿರಾರು ಗುರುತುಗಳಿವೆ. ಕೆಟ್ಟ ಅಳತೆಯೊಂದರ ಸುತ್ತಲಿನ ಭಾಗವನ್ನು ಮಾತ್ರ ಬಿಡಿಸಿದರೆ ಹೀಗೆ ಕಾಣಬರುವುದು. ಎಡಗಡೆಯ ಅಂಕಿಗಳು ಸ್ಪಂದ ಹೊರಟಂದಿನಿಂದ ಎಣಿಸಿದ ಮೈಕ್ರೊಸೆಕೆಂಡುಗಳು.

0: ಶಬ್ದದ ಸ್ಪಂದ ಹೊರಟಿತು.
10,000: ಪ್ರತಿಧ್ವನಿ ಬಂದಿತು, ಪ್ರೊಸೆಸರಿಗೆ ಕರೆ ಮುಟ್ಟಿತು.
10,012: ಮಲಗಿದ್ದ ಅಳತೆಯ ಕೆಲಸವನ್ನು ಕರ್ನೆಲ್ ಎಬ್ಬಿಸಿತು.
10,031: ಅಳತೆಯ ಕೆಲಸಕ್ಕೆ ಪ್ರೊಸೆಸರು ದೊರೆಯಿತು.
10,038: ಅಳತೆಯ ಕೆಲಸ ಬೀಗವನ್ನು ಕೇಳಿತು, ಬೀಗ ದಾಖಲೆಯ ಕೆಲಸದ ಕೈಯಲ್ಲಿದೆ, ಅಳತೆಯ ಕೆಲಸ ಮಲಗಿತು.
10,045: ಸುದ್ದಿಯ ಕೆಲಸಕ್ಕೆ ಪ್ರೊಸೆಸರು ದೊರೆಯಿತು.
11,902: ಸುದ್ದಿಯ ಕೆಲಸ ಮುಗಿದು ಮಲಗಿತು.
11,910: ದಾಖಲೆಯ ಕೆಲಸಕ್ಕೆ ಪ್ರೊಸೆಸರು ದೊರೆಯಿತು.
11,958: ದಾಖಲೆಯ ಕೆಲಸ ಬೀಗವನ್ನು ಬಿಟ್ಟಿತು.
11,970: ಅಳತೆಯ ಕೆಲಸ ಎದ್ದು, ಬೀಗ ಪಡೆದು, ಗಡಿಯಾರವನ್ನು ಓದಿತು.

ತಡವಾದುದು 1,970 ಮೈಕ್ರೊಸೆಕೆಂಡು. 346ರಿಂದ ಗುಣಿಸಿ ಅರ್ಧ ಮಾಡಿದರೆ 34 ಸೆಂಟಿಮೀಟರು. ನಿಜವಾಗಿ 1.73 ಮೀಟರು ಕೆಳಗಿರುವ ನೀರು 2.07 ಮೀಟರು ಕೆಳಗಿದೆಯೆಂದು ಯಂತ್ರ ಹೇಳಿದುದರ ಗುಟ್ಟು ಇದೇ.

ಇಲ್ಲಿ ಬೀಗವೆಂದರೆ ಏನು? ಅಳತೆಯ ಕೆಲಸವೂ ದಾಖಲೆಯ ಕೆಲಸವೂ ಒಂದೇ ಪಟ್ಟಿಯನ್ನು ಮುಟ್ಟುತ್ತವೆ. ಇಬ್ಬರೂ ಏಕಕಾಲದಲ್ಲಿ ಬರೆದು ಅದನ್ನು ಕೆಡಿಸಬಾರದೆಂದು ಮುಟ್ಟುವ ಮೊದಲು ಬೀಗವನ್ನು ಪಡೆಯಬೇಕೆಂಬ ಕಟ್ಟಳೆಯಿದೆ. ಕಟ್ಟಳೆ ಸರಿಯಾದುದೇ. ದಾಖಲೆಯ ಕೆಲಸ ಬೀಗವನ್ನು ಹಿಡಿದಿದ್ದಾಗ ಅದಕ್ಕಿಂತ ಹೆಚ್ಚಿನ ಮನ್ನಣೆಯ ಸುದ್ದಿಯ ಕೆಲಸ ಅದನ್ನು ಪಕ್ಕಕ್ಕೆ ಸರಿಸಿದುದೂ ನಿಯಮದಂತೆ ಸರಿ. ಪ್ರತಿಯೊಬ್ಬರೂ ನಿಯಮದಂತೆ ನಡೆದಿದ್ದಾರೆ. ಆದರೂ ಮೊದಲ ಮನ್ನಣೆಯವನು ನಡುವಣ ಮನ್ನಣೆಯವನಿಗಾಗಿ ಕಾಯುವಂತಾಯಿತು.

ಬಾವಿಯಿರುವ ಮನೆಯೊಂದರಲ್ಲಿ ಇದು ನಡೆದರೆ ಹೇಗಿರುತ್ತದೆಂದು ನೋಡಿ. ಸೇದುವ ಹಗ್ಗ ಒಂದೇ. ಅದು ಮನೆಯ ಚಿಕ್ಕ ಹುಡುಗನ ಕೈಯಲ್ಲಿದೆ. ಅಷ್ಟರಲ್ಲಿ ಅಣ್ಣ ಅವನನ್ನು ಕರೆದು ಅಂಗಡಿಗೆ ಅಟ್ಟುತ್ತಾನೆ, ಹುಡುಗ ಹಗ್ಗವನ್ನು ಹಿಡಿದುಕೊಂಡೇ ಓಡುತ್ತಾನೆ. ಸ್ನಾನಕ್ಕೆಂದು ಬಾವಿಕಟ್ಟೆಗೆ ಬಂದ ತಾತನವರು ಹಗ್ಗಕ್ಕಾಗಿ ಕಾಯುತ್ತ ನಿಲ್ಲುತ್ತಾರೆ. ಹುಡುಗ ಅಣ್ಣನ ಮಾತನ್ನು ಮೀರುವಂತಿಲ್ಲ, ಅಣ್ಣನಿಗೆ ತಾತನವರು ಕಾಯುತ್ತಿರುವುದು ತಿಳಿಯದು. ಪರಿಹಾರ ಸುಲಭ. ಹಿರಿಯರು ಹಗ್ಗಕ್ಕಾಗಿ ಕಾಯುತ್ತಿರುವಷ್ಟು ಹೊತ್ತು ಹುಡುಗನ ಕೆಲಸವನ್ನು ಹಿರಿಯರ ಕೆಲಸವೆಂದೇ ಎಣಿಸಬೇಕು. ಅಣ್ಣನಾಗಲಿ ಮತ್ತೊಬ್ಬರಾಗಲಿ ಆಗ ಅವನನ್ನು ಬೇರೆ ಕಡೆಗೆ ಕಳುಹಿಸಕೂಡದು. ಹಗ್ಗವನ್ನು ಒಪ್ಪಿಸಿದೊಡನೆ ಅವನು ಮತ್ತೆ ಚಿಕ್ಕ ಹುಡುಗನೇ. ಇದಕ್ಕೆ ಮನ್ನಣೆಯ ಉತ್ತರಾಧಿಕಾರವೆಂದು ಹೆಸರು. ಶಾ, ರಾಜ್‌ಕುಮಾರ್ ಮತ್ತು ಲೆಹೊಸ್ಕಿ ಎಂಬ ಮೂವರು 1990ರಲ್ಲಿ ಇದರ ಗಣಿತವನ್ನು ವಿವರವಾಗಿ ಪ್ರಕಟಿಸಿದರು. ಲಿನಕ್ಸಿನಲ್ಲಿ ಪ್ರೋಗ್ರಾಮುಗಳ ಬೀಗಗಳಿಗೆ ಈ ಸೌಲಭ್ಯ 2006ರ 2.6.18ನೆಯ ಆವೃತ್ತಿಯಿಂದ ದೊರೆಯಿತು. ಆದರೆ ಅದು ತಾನಾಗಿ ಬರುವುದಿಲ್ಲ, ಬೀಗವನ್ನು ಮಾಡುವಾಗ ಕೇಳಿ ಪಡೆಯಬೇಕು.

ಜಾಡು ಇನ್ನೊಂದು ಪರಿಹಾರವನ್ನೂ ಸೂಚಿಸುತ್ತಿದೆ. ಗಡಿಯಾರವನ್ನು ಓದುವುದಕ್ಕೆ ಬೀಗದ ಅಗತ್ಯವೇ ಇಲ್ಲ. ಮೊದಲು ಗಡಿಯಾರ, ಆಮೇಲೆ ಬೀಗ ಎಂದು ಎರಡು ಸಾಲುಗಳನ್ನು ಅದಲುಬದಲು ಮಾಡಿದರೆ ತಡವು 38 ಮೈಕ್ರೊಸೆಕೆಂಡಿಗೆ ಇಳಿಯುವುದು, ನೀರಿನ ಅಳತೆಯಲ್ಲಿ ಅದು 7 ಮಿಲಿಮೀಟರಿಗಿಂತ ಕಡಮೆ. ಪ್ರತಿಧ್ವನಿ ಬಂದ ಗಳಿಗೆಯನ್ನು ಪ್ರೊಸೆಸರಿನ ಜೊತೆಗಿರುವ ಟೈಮರೇ ತಾನಾಗಿ ಹಿಡಿದಿಟ್ಟುಕೊಳ್ಳುವಂತೆ ಮಾಡಿದರೆ ಆ ಅಲ್ಪವೂ ಉಳಿಯದು. ಹೆಚ್ಚು ವೇಗದ, ಹೆಚ್ಚು ಬೆಲೆಯ ಪ್ರೊಸೆಸರನ್ನು ಕೊಂಡು ತಂದು ಹಾಕಿದ್ದರೆ ಸುದ್ದಿಯ ಕೆಲಸ ಬೇಗ ಮುಗಿದು ತಪ್ಪು ಕಿರಿದಾಗುತ್ತಿದ್ದಿತೇ ಹೊರತು ದೋಷ ಅಲ್ಲಿಯೇ ಇರುತ್ತಿದ್ದಿತು.

ಮಂಗಳಗ್ರಹದ ಮೇಲೆ ಇದೇ ರೋಗ

ಪೆಟ್ಟಿಗೆ ನಮ್ಮ ಕಲ್ಪನೆಯದು, ರೋಗ ಕಲ್ಪನೆಯದಲ್ಲ. 1997ರ ಜುಲೈ 4ರಂದು ಮಂಗಳಗ್ರಹದ ಮೇಲೆ ಇಳಿದ ಅಮೆರಿಕದ ಪಾತ್‌ಫೈಂಡರ್ ನೌಕೆಯ ಗಣಕ ಕೆಲವೇ ದಿನಗಳಲ್ಲಿ ಮತ್ತೆ ಮತ್ತೆ ತಾನಾಗಿ ಮೊದಲಿನಿಂದ ಆರಂಭವಾಗತೊಡಗಿತು. ಅದರಲ್ಲಿದ್ದುದು ಲಿನಕ್ಸ್ ಅಲ್ಲ, ವಿಎಕ್ಸ್‌ವರ್ಕ್ಸ್ ಎಂಬ ಬೇರೊಂದು ಕಾರ್ಯವ್ಯವಸ್ಥೆ. ಮಾಹಿತಿಯನ್ನು ಹಂಚುವ ಹೆಚ್ಚಿನ ಮನ್ನಣೆಯ ಕೆಲಸವೊಂದು ಸಕಾಲದಲ್ಲಿ ಮುಗಿಯದಿದ್ದುದನ್ನು ಕಂಡು ಕಾವಲಿನ ವ್ಯವಸ್ಥೆ ಗಣಕವನ್ನು ಪುನಃ ಆರಂಭಿಸುತ್ತಿದ್ದಿತು. ದುರಸ್ತಿಗೆ ಅಲ್ಲಿಗೆ ಯಾರೂ ಹೋಗುವಂತಿರಲಿಲ್ಲ. ಕ್ಯಾಲಿಫೋರ್ನಿಯದ ಜೆಟ್ ಪ್ರೊಪಲ್ಷನ್ ಪ್ರಯೋಗಾಲಯದ ಎಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ಪ್ರತಿರೂಪದಲ್ಲಿ ಜಾಡು ಬರೆಯುವುದನ್ನು ಚಾಲೂಮಾಡಿ ಅದೇ ತೊಂದರೆ ಮರುಕಳಿಸುವವರೆಗೆ ನಡೆಸಿದರು. ಜಾಡಿನಲ್ಲಿ ಕಂಡುದು ನಾವು ಮೇಲೆ ಓದಿದ ಕಥೆಯೇ. ಹವಾಮಾನದ ಅಂಕಿಗಳನ್ನು ಕೂಡಿಸುವ ಕಡೆಯ ಮನ್ನಣೆಯ ಕೆಲಸ ಬೀಗವನ್ನು ಹಿಡಿದಿತ್ತು. ನಡುವಣ ಮನ್ನಣೆಯ ಕೆಲಸಗಳು ಅದನ್ನು ಸರಿಸಿದ್ದವು. ಆ ಬೀಗಕ್ಕೆ ಮನ್ನಣೆಯ ಉತ್ತರಾಧಿಕಾರವನ್ನು ಕೊಡುವ ತಿದ್ದುಪಡಿಯನ್ನು ರೇಡಿಯೊ ಮೂಲಕ ಮಂಗಳಕ್ಕೆ ಕಳುಹಿಸಿದರು, ರೋಗ ವಾಸಿಯಾಯಿತು.

ಇದರಲ್ಲಿ ಇನ್ನೊಂದು ಪಾಠವಿದೆ. ಪ್ರಯೋಗಾಲಯದಲ್ಲಿ ಬಳಸಿದ ಪರೀಕ್ಷೆಯ ಸೌಲಭ್ಯಗಳನ್ನು ನೌಕೆ ಹೊರಡುವಾಗ ಆ ಎಂಜಿನಿಯರುಗಳು ಕಿತ್ತುಹಾಕಿರಲಿಲ್ಲ. ಪರೀಕ್ಷಿಸಿದುದನ್ನೇ ಹಾರಿಸಬೇಕೆಂಬುದು ಅವರ ನಂಬಿಕೆಯಾಗಿದ್ದಿತು. ಕೆಲಸಕ್ಕೆ ಕಳುಹಿಸಿದ ಯಂತ್ರದಲ್ಲಿಯೂ ದಿನಚರಿ ಬರೆಯುವ ಶಕ್ತಿಯನ್ನು ಉಳಿಸಿರಬೇಕು. ಖಾಲಿ ಆದೇಶದ ಉಪಾಯದಿಂದ ಇಂದು ಅದರ ಹೊರೆಯೂ ಅತ್ಯಲ್ಪ.

ಜಾಡಿನ ಮಿತಿಗಳು

ಜಾಡು ಸರ್ವರೋಗಗಳಿಗೂ ಮದ್ದೆಂದು ತಿಳಿಯಬಾರದು. ಒಂದು ಗುರುತಿಗೆ 32 ಬೈಟು ಎಂದಿಟ್ಟುಕೊಂಡರೆ 1 ಮೆಗಾಬೈಟಿನ ಪುಸ್ತಕದಲ್ಲಿ 32,768 ಗುರುತುಗಳು ಹಿಡಿಸುವುವು. ಸೆಕೆಂಡಿಗೆ ಹತ್ತು ಸಾವಿರ ಘಟನೆಗಳು ನಡೆಯುತ್ತಿದ್ದರೆ ಪುಸ್ತಕದಲ್ಲಿ ಉಳಿಯುವುದು ಕಡೆಯ ಮೂರು ಸೆಕೆಂಡುಗಳ ಕಥೆ ಮಾತ್ರ. ದೋಷ ಕಂಡೊಡನೆ ಬರೆಯುವುದನ್ನು ನಿಲ್ಲಿಸದಿದ್ದರೆ ಸಾಕ್ಷಿಯೆಲ್ಲ ಅಳಿಸಿಹೋಗುವುದು. ಆದುದರಿಂದ ತಪ್ಪಿನ ಲಕ್ಷಣವನ್ನು ಮೊದಲೇ ನಿರ್ಧರಿಸಿ, ಅದು ಕಂಡ ಕೂಡಲೆ ಪುಸ್ತಕವನ್ನು ಮುಚ್ಚುವಂತೆ ಯಂತ್ರಕ್ಕೇ ಹೇಳಿರಬೇಕು. ಎಲ್ಲವನ್ನೂ ಬರೆಸುವ ಆಸೆಯೂ ಒಳ್ಳೆಯದಲ್ಲ. ಪ್ರತಿಯೊಂದು ಉಪಕಾರ್ಯವನ್ನೂ ಬರೆಸಹೋದರೆ ಸಣ್ಣ ಪ್ರೊಸೆಸರು ಬಳಲುವುದು, ಕಡಮೆ ರೋಧದ ಮೀಟರಿನ ಕಥೆಯೇ ಮರುಕಳಿಸುವುದು.

ಎಲ್ಲಕ್ಕಿಂತ ಮುಖ್ಯವಾಗಿ, ಜಾಡು ಹೇಳುವುದು ಏನು ನಡೆಯಿತು ಎಂಬುದನ್ನು ಮಾತ್ರ. ಏಕೆ ಎಂಬುದು ಓದುವವರ ಊಹೆ. ಊಹೆಯನ್ನು ಪರೀಕ್ಷೆಗೆ ಒಡ್ಡಬೇಕು. ತಿದ್ದುಪಡಿಯನ್ನು ಮಾಡಿದ ಮೇಲೆ ಅದೇ ಒತ್ತಡದಲ್ಲಿ ಮತ್ತೊಮ್ಮೆ ಜಾಡು ಬರೆಸಿ, ಹಿಂದಿನದರ ಪಕ್ಕದಲ್ಲಿಟ್ಟು ನೋಡಬೇಕು. ತಿದ್ದುಪಡಿಯನ್ನು ತೆಗೆದಾಗ ದೋಷ ಮರಳಿ ಬರುವುದೆಂಬುದನ್ನೂ ಖಚಿತಪಡಿಸಿಕೊಳ್ಳಬೇಕು. ತಿದ್ದಿದ ಮೇಲೆ ಮತ್ತೆ ಕಾಣಿಸಲಿಲ್ಲ ಎಂಬುದು ಸಾಕ್ಷ್ಯವಲ್ಲ, ಮತ್ತೊಂದು ಮಳೆ ಇನ್ನೂ ಬಂದಿರಲಾರದು.

ಲಿನಕ್ಸ್ ಇರುವ ಗಣಕವುಳ್ಳ ಕಾಲೇಜುಗಳಲ್ಲಿ ಈ ಪ್ರಯೋಗವನ್ನು ವಿದ್ಯಾರ್ಥಿಗಳೇ ಕೈಗೊಳ್ಳಬಹುದು. ಎಫ್‌ಟ್ರೇಸ್ ಈಗಿನ ಲಿನಕ್ಸ್‌ಗಳ ಒಳಗೆ ಸಾಮಾನ್ಯವಾಗಿ ಇದ್ದೇ ಇರುವುದು, ಕರ್ನೆಲ್‌ಶಾರ್ಕ್ ಎಂಬ ಉಚಿತ ಪ್ರೋಗ್ರಾಮು ಅದರ ಜಾಡನ್ನು ಚಿತ್ರವಾಗಿ ಬಿಡಿಸಿ ತೋರಿಸುವುದು. ಒಂದೇ ಸೆಕೆಂಡಿನ ಜಾಡನ್ನು ಬರೆಸಿ, ಯಾವ ಕೆಲಸ ಯಾವ ಕೆಲಸಕ್ಕಾಗಿ ಎಷ್ಟು ಮೈಕ್ರೊಸೆಕೆಂಡು ಕಾಯಿತೆಂಬುದನ್ನು ಪಟ್ಟಿಮಾಡಿ ನೋಡಲಿ. ಆ ಪಟ್ಟಿಯ ಸರಾಸರಿಯನ್ನು ತೆಗೆಯುವ ಮೊದಲು ಅದರ ಅತಿ ದೊಡ್ಡ ಅಂಕಿಯನ್ನು ಹುಡುಕಿ, ಅದರ ಹಿಂದಿನ ಹತ್ತು ಸಾಲುಗಳನ್ನು ನಿಧಾನವಾಗಿ ಓದಲಿ. ಜೀವರಕ್ಷಣೆಯ ಹೊಣೆಹೊತ್ತ ಯಂತ್ರಗಳ ಯೋಗ್ಯತೆ ನಿರ್ಧಾರವಾಗುವುದು ಆ ಒಂದು ಅಂಕಿಯಿಂದ.